ಮೇದೋಜೀರಕ ಗ್ರಂಥಿಯ ಕಾಯಿಲೆ ಮತ್ತು ವಿಟಮಿನ್ ಎ: ಕ್ಯಾಪ್ಸೂಲ್ ಶುರು ಮಾಡುವ ಮೊದಲು ಏನೇನು ನೋಡಬೇಕು?

ಮುಸ್ಸಂಜೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ವಿಟಮಿನ್ ಎ ಮತ್ತು ಮೇದೋಜೀರಕ ಗ್ರಂಥಿಯ ಬಗ್ಗೆ ಓದಿದಷ್ಟೂ ಗೋಜಲು. ಒಬ್ಬರು ಅದು ಗ್ರಂಥಿಯ ಗಾಯ ಮಾಗಿಸುತ್ತದೆ ಅಂತಾರೆ, ಇನ್ನೊಬ್ಬರು ಅದರಿಂದಲೇ ಪ್ಯಾಂಕ್ರಿಯಾಟೈಟಿಸ್ (ಗ್ರಂಥಿಯ ಉರಿಯೂತ) ಬರುತ್ತದೆ ಅಂತಾರೆ. ಬಲ್ಲವರು ಬಿಡಿಸಿ ಹೇಳಬೇಕು.

ರೋಗಿಯ ವಿವರ: ಗಂಡಸು, 52 ವರ್ಷ, 60 ಕೆ.ಜಿ., ದೀರ್ಘಕಾಲದ ಪ್ಯಾಂಕ್ರಿಯಾಟೈಟಿಸ್. ಕುಡಿತ ಬಿಟ್ಟಿದ್ದಾರೆ, ಸಿಗರೇಟ್ ಇನ್ನೂ ಇದೆ. ಮಲದ ಎಲಾಸ್ಟೇಸ್ (ಗ್ರಂಥಿ ತಯಾರಿಸುವ ಒಂದು ಜೀರ್ಣಕಿಣ್ವ) ಗ್ರಾಂಗೆ 78 ಮೈಕ್ರೋಗ್ರಾಂ. ರಕ್ತದ ರೆಟಿನಾಲ್ (ವಿಟಮಿನ್ ಎಯ ಒಂದು ರೂಪ) ಡೆಸಿಲೀಟರಿಗೆ 17 ಮೈಕ್ರೋಗ್ರಾಂ. 25,000 ಯೂನಿಟ್‌ನ ಕಿಣ್ವದ ಕ್ಯಾಪ್ಸೂಲ್ ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟ ಮುಗಿದ ಮೇಲೆ ತೆಗೆದುಕೊಳ್ಳುತ್ತಿದ್ದಾರೆ. ಮಲ ಈಗಲೂ ಜಿಡ್ಡುಜಿಡ್ಡಾಗಿ ತೇಲುತ್ತದೆ. ಮಬ್ಬುಗತ್ತಲಾದರೆ ಮೆಟ್ಟಿಲು ಸರಿಯಾಗಿ ಕಾಣುವುದಿಲ್ಲ ಅಂತಾರೆ.

ಪರಿಚಯದವರೊಬ್ಬರು ದಿನಕ್ಕೆ 50,000 ಐಯು (ಇಂಟರ್‌ನ್ಯಾಷನಲ್ ಯೂನಿಟ್) ವಿಟಮಿನ್ ಎ ಕ್ಯಾಪ್ಸೂಲ್ ತರಿಸಿಕೊಳ್ಳಿ ಅಂದಿದ್ದಾರೆ. ನನ್ನ ಪ್ರಶ್ನೆ ಮೂರು. ರೆಟಿನಾಲ್ ಕಡಿಮೆಯಾಗಿರುವುದು ಆಹಾರದಿಂದಲೋ, ಹೀರಿಕೆಯಿಂದಲೋ? ಆ ಡೋಸ್ ಸರಿಯೇ? ವಿಟಮಿನ್ ಎ ತೆಗೆದುಕೊಂಡರೆ ಗ್ರಂಥಿಗೂ ಏನಾದರೂ ಒಳ್ಳೆಯದಾಗುತ್ತದೆಯೇ?


ಜೀರ್ಣರಸ ಬರೆದಿದ್ದು:

ವಿಟಮಿನ್ ಎ ಗ್ರಂಥಿಗೆ ಏನು ಮಾಡುತ್ತದೆ ಅನ್ನುವ ಪ್ರಶ್ನೆಯನ್ನು ಸ್ವಲ್ಪ ಪಕ್ಕಕ್ಕಿಡಿ. ನೀವು ಕೊಟ್ಟ ವಿವರದಲ್ಲಿ ಎದ್ದು ಕಾಣುವುದು, ಗ್ರಂಥಿ ವಿಟಮಿನ್ ಎಗೆ ಮಾಡಿಕೊಡಬೇಕಾದ ಕೆಲಸ ನಿಂತಿರುವುದು.

ಮೊಟ್ಟೆ, ಹಾಲು, ಲಿವರ್, ಮೀನೆಣ್ಣೆಯಲ್ಲಿರುವ ವಿಟಮಿನ್ ಎ ಬಹುಪಾಲು ರೆಟಿನೈಲ್ ಎಸ್ಟರ್, ಅಂದರೆ ರೆಟಿನಾಲಿಗೆ ಒಂದು ಕೊಬ್ಬಿನಾಮ್ಲ ಅಂಟಿಕೊಂಡಿರುವ ರೂಪ. ಅಂಗಡಿಯ ಕ್ಯಾಪ್ಸೂಲ್‌ಗಳಲ್ಲಿರುವ ರೆಟಿನೈಲ್ ಪಾಲ್ಮಿಟೇಟ್ ಕೂಡ ಇದೇ. ಕರುಳಿನ ಗೋಡೆ ಇದನ್ನು ಇಡಿಯಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅಂಟಿಕೊಂಡ ಕೊಬ್ಬಿನಾಮ್ಲವನ್ನು ಬಿಡಿಸಬೇಕು. ಬಿಡಿಸುವುದು ಹೆಚ್ಚಾಗಿ ಮೇದೋಜೀರಕ ಗ್ರಂಥಿಯ ಲೈಪೇಸ್ ಗುಂಪಿನ, ಅಂದರೆ ಕೊಬ್ಬು ಒಡೆಯುವ, ಕಿಣ್ವಗಳು. ಸಣ್ಣ ಕರುಳಿನ ಒಳಪದರದಲ್ಲೂ ಈ ಕೆಲಸ ಮಾಡುವ ಒಂದು ಕಿಣ್ವವಿದೆ, ಆದ್ದರಿಂದ ಹೀರಿಕೆ ಸೊನ್ನೆಗೆ ಇಳಿಯುವುದಿಲ್ಲ. ಆದರೆ ಬಿಡಿಸಿದ ರೆಟಿನಾಲ್ ನೀರಿನಲ್ಲಿ ಕರಗುವ ವಸ್ತುವಲ್ಲ. ಊಟದ ಕೊಬ್ಬು ಜೀರ್ಣವಾಗಿ ಬಂದ ಕೊಬ್ಬಿನಾಮ್ಲಗಳೂ ಪಿತ್ತರಸದ ಲವಣಗಳೂ ಸೇರಿ ಕಟ್ಟುವ ಅತಿ ಸಣ್ಣ ಹನಿಗಳ ಒಳಗೆ ಕೂತು ಅದು ಕರುಳಿನ ಗೋಡೆ ತಲುಪಬೇಕು. ಊಟದ ಕೊಬ್ಬೇ ಜೀರ್ಣವಾಗದೆ ಮಲದಲ್ಲಿ ಹೋಗುತ್ತಿದ್ದರೆ ಆ ಹನಿಗಳು ಸಾಕಷ್ಟು ಆಗುವುದಿಲ್ಲ, ವಿಟಮಿನ್ ಎ ಜಿಡ್ಡಿನ ಜತೆ ಹೊರಗೆ ಹೋಗುತ್ತದೆ. ಡಿ, ಇ, ಕೆ ವಿಟಮಿನ್‌ಗಳದ್ದೂ ಇದೇ ಕಥೆ.

ಎಲಾಸ್ಟೇಸ್ 200ಕ್ಕಿಂತ ಕಡಿಮೆ ಇದ್ದರೆ ಅನುಮಾನ, 100ಕ್ಕಿಂತ ಕಡಿಮೆ ಇದ್ದರೆ ಕಿಣ್ವದ ಕೊರತೆ ಬಹುಮಟ್ಟಿಗೆ ಖಚಿತ. ಮಲದ ಮಾದರಿ ನೀರುನೀರಾಗಿದ್ದರೆ ಮಾತ್ರ ಸಂಖ್ಯೆ ಸುಳ್ಳಾಗಿ ಇಳಿಯುತ್ತದೆ. 78 ಬಂದಿದೆ, ಮಲವೂ ಜಿಡ್ಡಾಗಿದೆ. ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ, ಬಹುತೇಕ ಹೀರಿಕೆಯ ತೊಂದರೆ. (ಕಿಣ್ವದ ಡೋಸ್ ಸರಿಯಾಯಿತೇ ಎಂದು ನೋಡಲು ಎಲಾಸ್ಟೇಸ್ ಮತ್ತೆ ಮಾಡಿಸಬೇಡಿ. ಈಗ ಹೆಚ್ಚು ಬಳಕೆಯಲ್ಲಿರುವ ಪರೀಕ್ಷೆ ಮನುಷ್ಯರ ಎಲಾಸ್ಟೇಸನ್ನು ಮಾತ್ರ ಹಿಡಿಯುತ್ತದೆ. ಹಂದಿಯ ಮೇದೋಜೀರಕದಿಂದ ತಯಾರಾದ ಕ್ಯಾಪ್ಸೂಲ್ ಎಷ್ಟು ನುಂಗಿದರೂ ಸಂಖ್ಯೆ ಬದಲಾಗುವುದಿಲ್ಲ.)

ಈಗ ನಿಜವಾದ ತಪ್ಪು ಎಲ್ಲಿದೆ ನೋಡಿ. ದಿನಕ್ಕೆ ಒಟ್ಟು 50,000 ಯೂನಿಟ್ ಲೈಪೇಸ್ ತೀರಾ ಕಡಿಮೆ. ವಯಸ್ಕರಿಗೆ ಸಾಮಾನ್ಯವಾಗಿ ಆರಂಭಿಸುವುದೇ ಪ್ರತಿ ದೊಡ್ಡ ಊಟಕ್ಕೆ 40,000ರಿಂದ 50,000 ಯೂನಿಟ್, ನಡುವಿನ ತಿಂಡಿಗೆ 20,000ರಿಂದ 25,000. ಮೂರು ಊಟ, ಎರಡು ತಿಂಡಿ ಅಂದರೆ 25,000ದ ಕ್ಯಾಪ್ಸೂಲ್ ಎಂಟು ಬೇಕು. ಹೆಚ್ಚಾಯಿತೇ ಅಂತ ಹೆದರಬೇಡಿ. ಮೇಲ್ಮಿತಿ ಒಂದು ಊಟಕ್ಕೆ ಕೆ.ಜಿ.ಗೆ 2,500 ಯೂನಿಟ್, ದಿನಕ್ಕೆ ಕೆ.ಜಿ.ಗೆ 10,000. 60 ಕೆ.ಜಿ.ಗೆ ಲೆಕ್ಕ ಹಾಕಿದರೆ ಊಟಕ್ಕೆ 1,50,000, ದಿನಕ್ಕೆ 6,00,000. ಎಂಟು ಕ್ಯಾಪ್ಸೂಲ್ ಸೇರಿದರೆ 2,00,000, ಮಿತಿಯ ಮೂರನೇ ಒಂದು ಭಾಗ. ಇದನ್ನು ಚಿಕಿತ್ಸೆ ಕೊಡುತ್ತಿರುವ ವೈದ್ಯರ ಮುಂದಿಟ್ಟು ಚೀಟಿ ಬದಲಿಸಿಕೊಳ್ಳಿ.

ಹೊತ್ತು ಕೂಡ ತಪ್ಪಿದೆ. ಊಟ ಮುಗಿದ ಮೇಲೆ ನುಂಗಿದರೆ ಅನ್ನ ಮುಂದೆ, ಕಿಣ್ವ ಹಿಂದೆ. ಎರಡೂ ಒಟ್ಟಿಗೆ ಜಠರದಿಂದ ಇಳಿಯಬೇಕು. ಎರಡು ಕ್ಯಾಪ್ಸೂಲ್ ಇದ್ದರೆ ಒಂದನ್ನು ಮೊದಲ ತುತ್ತಿನ ಜತೆ, ಇನ್ನೊಂದನ್ನು ಅರ್ಧ ಊಟವಾದಾಗ. ಬಿಸಿಯಲ್ಲದ ನೀರಿನ ಜತೆ ನುಂಗಬೇಕು, ಅಗಿಯಬಾರದು, ಪುಡಿ ಮಾಡಬಾರದು. ಪುಡಿ ಮಾಡಿದರೆ ಬಾಯಿಯ ಒಳಪದರ ಸುಟ್ಟು ಹುಣ್ಣಾಗುತ್ತದೆ, ಉಳಿದದ್ದನ್ನು ಜಠರದ ಆಮ್ಲ ಹಾಳು ಮಾಡುತ್ತದೆ. ಕ್ಯಾಪ್ಸೂಲ್ ನುಂಗಲು ಆಗದವರು ಬಿಚ್ಚಿ, ಒಳಗಿನ ಕಾಳುಗಳನ್ನು ಹುಳಿ ಇರುವ ಮೆತ್ತನೆಯ ಹಣ್ಣಿನ ತಿರುಳಿನಲ್ಲಿ ಬೆರೆಸಿ ತಕ್ಷಣ ನುಂಗಬಹುದು. ಹಾಲಿನಂಥ ಹುಳಿಯಿಲ್ಲದ ಪದಾರ್ಥದಲ್ಲಿ ಬೆರೆಸಿಟ್ಟರೆ ಕಾಳಿನ ಹೊದಿಕೆ ಅಲ್ಲೇ ಕರಗುತ್ತದೆ. ಕ್ಯಾಪ್ಸೂಲ್ ಡಬ್ಬಿ ಒಲೆಯ ಹತ್ತಿರ, ಬಿಸಿಲಲ್ಲಿ, ಕಾರಿನೊಳಗೆ ಇಟ್ಟರೆ ಲೈಪೇಸ್ ಶಕ್ತಿ ಕಳೆದುಕೊಳ್ಳುತ್ತದೆ. ಸಾಮಾನ್ಯವಾಗಿ 25 ಡಿಗ್ರಿಯ ಒಳಗೆ ಇಡಬೇಕು. ನಿಮ್ಮ ಡಬ್ಬಿಯ ಮೇಲೆ ಏನಿದೆ ನೋಡಿಕೊಳ್ಳಿ.

ಡೋಸ್ ಮತ್ತು ಹೊತ್ತು ಸರಿಯಾದ ಮೇಲೂ ಮಲ ಜಿಡ್ಡಾಗಿದ್ದರೆ ಮುಂದಿನ ಅನುಮಾನ ಆಮ್ಲದ ಮೇಲೆ. ಕಾಳುಗಳ ಹೊದಿಕೆ ಕರಗಲು ಸುಮಾರು 5.5ಕ್ಕಿಂತ ಹೆಚ್ಚಿನ ಪಿಎಚ್ ಬೇಕು. ಆರೋಗ್ಯವಂತರಲ್ಲಿ ಗ್ರಂಥಿಯೇ ಬೈಕಾರ್ಬನೇಟ್ ಸುರಿಸಿ ಆಮ್ಲವನ್ನು ತಣಿಸುತ್ತದೆ. ಕಾಯಿಲೆಯ ಗ್ರಂಥಿಯಿಂದ ಅದೂ ಕಡಿಮೆ. ಆಗ ವೈದ್ಯರು ಆಮ್ಲ ತಗ್ಗಿಸುವ ಮಾತ್ರೆ ಸೇರಿಸುತ್ತಾರೆ. ಅದಕ್ಕೂ ಬಗ್ಗದಿದ್ದರೆ ಸಣ್ಣ ಕರುಳಿನಲ್ಲಿ ಬ್ಯಾಕ್ಟೀರಿಯಾ ಅತಿಯಾಗಿ ಬೆಳೆದಿರಬಹುದು, ಪಿತ್ತನಾಳ ಒತ್ತಿಹೋಗಿರಬಹುದು. ಕೊಲೆಸ್ಟಿರಮೈನ್ (ಕೊಲೆಸ್ಟ್ರಾಲ್ ಇಳಿಸಲು ಕೊಡುವುದು), ಆರ್ಲಿಸ್ಟಾಟ್ (ತೂಕ ಇಳಿಸಲು ಕೊಡುವುದು) ಥರದ ಔಷಧಿ ನಡೆಯುತ್ತಿದೆಯೇ ಎಂದೂ ಕೇಳಿಕೊಳ್ಳಿ. ಅವೂ ವಿಟಮಿನ್ ಎ ಹೀರಿಕೆ ತಗ್ಗಿಸುತ್ತವೆ.


ಲ್ಯಾಬ್‌ಬೆಂಚ್ ಬರೆದಿದ್ದು:

ಜೀರ್ಣರಸ ಅವರ ಮಾತಿಗೆ ನನ್ನದೂ ಒಪ್ಪಿಗೆ. 17 ಎಂಬ ಸಂಖ್ಯೆಯ ಬಗ್ಗೆ ಮಾತ್ರ ಎಚ್ಚರ ಬೇಕು.

ರೆಟಿನಾಲ್ 20ಕ್ಕಿಂತ ಕಡಿಮೆ ಇದ್ದರೆ ಕೊರತೆ, 10ಕ್ಕಿಂತ ಕಡಿಮೆ ಇದ್ದರೆ ತೀವ್ರ ಕೊರತೆ ಅಂತ ಲೆಕ್ಕ. ನಿಮ್ಮ ಲ್ಯಾಬ್ ಲೀಟರಿಗೆ ಇಷ್ಟು ಮೈಕ್ರೋಮೋಲ್ ಎಂದು ಕೊಟ್ಟಿದ್ದರೆ 28.6ರಿಂದ ಗುಣಿಸಿ. 0.70 ಅಂದರೆ 20, ನಿಮ್ಮ 17 ಅಂದರೆ ಸುಮಾರು 0.59.

ಈ ಪರೀಕ್ಷೆಗೆ ಎರಡು ದೌರ್ಬಲ್ಯ ಇವೆ, ಎರಡೂ ಎದುರುಬದುರು ದಿಕ್ಕಿನವು. ಒಂದು: ದೇಹದ ವಿಟಮಿನ್ ಎಯ ಬಹುಪಾಲು ದಾಸ್ತಾನು ಲಿವರಿನಲ್ಲಿದೆ. ಲಿವರ್ ತನ್ನ ದಾಸ್ತಾನನ್ನು ಕರಗಿಸಿಕೊಂಡಾದರೂ ರಕ್ತದ ಮಟ್ಟವನ್ನು ಕಾಪಾಡುತ್ತದೆ. ದಾಸ್ತಾನು ಬಹುತೇಕ ಬರಿದಾಗುವ ತನಕ ರಕ್ತದ ಸಂಖ್ಯೆ ಸರಿಯಾಗಿಯೇ ಕಾಣುತ್ತದೆ. ಹಾಗಾಗಿ 35 ಬಂದವರು 'ಏನೂ ತೊಂದರೆಯಿಲ್ಲ' ಅಂದುಕೊಳ್ಳುವಂತಿಲ್ಲ. ಎರಡು: ರಕ್ತದಲ್ಲಿ ರೆಟಿನಾಲನ್ನು ಹೊತ್ತು ತಿರುಗುವುದು ಲಿವರ್ ತಯಾರಿಸುವ ಒಂದು ಪ್ರೋಟೀನ್, ರೆಟಿನಾಲ್ ಬೈಂಡಿಂಗ್ ಪ್ರೋಟೀನ್. ದೇಹದಲ್ಲಿ ಉರಿಯೂತ ಎದ್ದಾಗ ಲಿವರ್ ಇದರ ತಯಾರಿಕೆ ತಗ್ಗಿಸುತ್ತದೆ. ಆಗ ದಾಸ್ತಾನು ತುಂಬಿದ್ದರೂ ರೆಟಿನಾಲ್ ಕುಸಿದಂತೆ ಕಾಣುತ್ತದೆ. ಪ್ಯಾಂಕ್ರಿಯಾಟೈಟಿಸ್ ಕೆರಳಿದ ವಾರದಲ್ಲಿ ತೆಗೆದ ರಕ್ತದ ರೆಟಿನಾಲ್ ಸಂಖ್ಯೆಯನ್ನು ನಂಬಿ ದೊಡ್ಡ ಡೋಸ್ ಶುರು ಮಾಡುವುದು ಅಪಾಯ. ಅದಕ್ಕೇ ಅದೇ ಮಾದರಿಯಲ್ಲಿ ಸಿಆರ್‌ಪಿ (ಉರಿಯೂತ ಎಷ್ಟಿದೆ ಎಂದು ತೋರಿಸುವ ರಕ್ತಪರೀಕ್ಷೆ) ಕೂಡ ನೋಡಬೇಕು.

ಮೂರನೆಯದು ಸತು. ಆ ಹೊರುವ ಪ್ರೋಟೀನ್ ತಯಾರಾಗಲು ಸತು ಬೇಕು, ಕಣ್ಣಿನ ಪರದೆಯಲ್ಲಿ ರೆಟಿನಾಲನ್ನು ರೆಟಿನಾಲ್ಡಿಹೈಡ್ ಮಾಡುವ ಕಿಣ್ವಕ್ಕೂ ಸತು ಬೇಕು. ದೀರ್ಘಕಾಲದ ಪ್ಯಾಂಕ್ರಿಯಾಟೈಟಿಸ್‌ನಲ್ಲಿ ಸತುವಿನ ಕೊರತೆ ಅಪರೂಪವಲ್ಲ. ಸತು ತುಂಬಿಸದೆ ವಿಟಮಿನ್ ಎ ಎಷ್ಟು ಕೊಟ್ಟರೂ ಇರುಳುಗುರುಡು ಕದಲದ ಪ್ರಸಂಗಗಳಿವೆ. ಸತುವಿನ ಸಂಖ್ಯೆಯೂ ಉರಿಯೂತದಲ್ಲಿ ಇಳಿಯುತ್ತದೆ, ಅದನ್ನೂ ಸಿಆರ್‌ಪಿ ಜತೆಗಿಟ್ಟೇ ಓದಬೇಕು.

ಮಾದರಿ ಕೊಡುವಾಗ: ಬೆಳಿಗ್ಗೆ ಖಾಲಿ ಹೊಟ್ಟೆ. ಹಿಂದಿನ ದಿನ ವಿಟಮಿನ್ ಎ ಕ್ಯಾಪ್ಸೂಲ್ ಬೇಡ. ಟ್ಯೂಬನ್ನು ಬೆಳಕಿನಿಂದ ಮರೆಮಾಡಬೇಕು, ಅಲ್ಯೂಮಿನಿಯಂ ಹಾಳೆ ಸುತ್ತಿದರೆ ಸಾಕು. ರೆಟಿನಾಲ್ ಬೆಳಕಿಗೆ ಒಡೆಯುತ್ತದೆ. ಎಷ್ಟೋ ಕಡೆ ರಕ್ತ ತೆಗೆದ ಟ್ಯೂಬ್ ಟ್ರೇಯಲ್ಲಿ ಟ್ಯೂಬ್‌ಲೈಟ್ ಕೆಳಗೆ ಗಂಟೆಗಟ್ಟಲೆ ಕೂತಿರುತ್ತದೆ, ಕೇಳಿ ಮುಚ್ಚಿಸಿಕೊಳ್ಳಿ. ಇದರ ಜತೆಗೆ ವಿಟಮಿನ್ ಡಿ, ವಿಟಮಿನ್ ಇ, ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ಪರೀಕ್ಷೆ), ಲಿವರ್ ಕಿಣ್ವಗಳು, ಟ್ರೈಗ್ಲಿಸರೈಡ್ (ರಕ್ತದ ಕೊಬ್ಬು), ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) ಒಟ್ಟಿಗೇ ಆಗಲಿ. ಐಎನ್‌ಆರ್ ಏರಿದ್ದರೆ ವಿಟಮಿನ್ ಕೆ ಕೂಡ ಹೀರುತ್ತಿಲ್ಲ ಎಂಬ ಸುಳಿವು, ಲಿವರ್ ಸರಿಯಿದ್ದರೆ.


ಹಸಿರೆಲೆ ಬರೆದಿದ್ದು:

ರೆಟಿನಾಲ್ ಕ್ಯಾಪ್ಸೂಲ್ ವಿಷವಾಗುತ್ತದೆ ಅನ್ನುವ ಭಯ ಇದ್ದರೆ ಬೀಟಾ ಕ್ಯಾರೋಟಿನ್ ಮಾತ್ರೆ ಕೊಡಬಹುದಲ್ಲ? ದೇಹ ತನಗೆ ಬೇಕಾದಷ್ಟೇ ವಿಟಮಿನ್ ಎ ಆಗಿ ಮಾರ್ಪಡಿಸಿಕೊಳ್ಳುತ್ತದೆ. ಜತೆಗೆ ದಿನಾ ಕ್ಯಾರೆಟ್ ಜ್ಯೂಸ್.


ಪಥ್ಯಲೆಕ್ಕ ಬರೆದಿದ್ದು:

ಹಸಿರೆಲೆ ಅವರೇ, ಆರೋಗ್ಯವಂತರ ಮಟ್ಟಿಗೆ ನಿಮ್ಮ ಮಾತು ಸರಿ. ಈ ರೋಗಿಗೆ ಮಾತ್ರ ಬೀಟಾ ಕ್ಯಾರೋಟಿನ್ ಮಾತ್ರೆ ಬೇಡವೇ ಬೇಡ, ಯಾಕೆಂದರೆ ಸಿಗರೇಟ್ ಸೇದುತ್ತಾರೆ. ಫಿನ್‌ಲೆಂಡಿನಲ್ಲಿ ಧೂಮಪಾನಿ ಗಂಡಸರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೋಟಿನ್ ಕೊಟ್ಟು ನಡೆಸಿದ ದೊಡ್ಡ ಪ್ರಯೋಗದ ಫಲಿತಾಂಶ 1994ರಲ್ಲಿ ಬಂತು: ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18 ಶೇಕಡಾ ಹೆಚ್ಚಿತ್ತು. ಅಮೆರಿಕದ ಇನ್ನೊಂದು ಪ್ರಯೋಗದಲ್ಲಿ 30 ಮಿಲಿಗ್ರಾಂ ಬೀಟಾ ಕ್ಯಾರೋಟಿನ್ ಜತೆ 25,000 ಐಯು ರೆಟಿನೈಲ್ ಪಾಲ್ಮಿಟೇಟ್ ಕೊಡುತ್ತಿದ್ದರು. ಅಲ್ಲೂ ಇದೇ ಕಂಡದ್ದರಿಂದ 1996ರಲ್ಲಿ ಮಾತ್ರೆಗಳನ್ನು ನಡುವೆಯೇ ನಿಲ್ಲಿಸಿದರು. ದೀರ್ಘಕಾಲದ ಪ್ಯಾಂಕ್ರಿಯಾಟೈಟಿಸ್ ಇರುವವರಲ್ಲಿ ಧೂಮಪಾನಿಗಳು ಬಹಳ. 'ನೈಸರ್ಗಿಕ' ಎಂದು ಮಾರುವ ಮಲ್ಟಿವಿಟಮಿನ್, 'ಕಣ್ಣಿನ ಮಾತ್ರೆ', 'ಆಂಟಿಆಕ್ಸಿಡೆಂಟ್' ಡಬ್ಬಿಗಳ ಹಿಂದೆ ಬೀಟಾ ಕ್ಯಾರೋಟಿನ್ ಎಷ್ಟಿದೆ ಎಂದು ತಪ್ಪದೆ ಓದಬೇಕು. ತರಕಾರಿಯಲ್ಲಿರುವ ಕ್ಯಾರೋಟಿನ್‌ಗೆ ಈ ಭಯ ಇಲ್ಲ.

ಇನ್ನು ಕ್ಯಾರೆಟ್ ಜ್ಯೂಸ್. ಆಹಾರದ 12 ಮೈಕ್ರೋಗ್ರಾಂ ಬೀಟಾ ಕ್ಯಾರೋಟಿನ್ ಸೇರಿ 1 ಮೈಕ್ರೋಗ್ರಾಂ ರೆಟಿನಾಲಿಗೆ ಸಮ, ಅದೂ ಕೊಬ್ಬು ಚೆನ್ನಾಗಿ ಜೀರ್ಣವಾಗುವವರಲ್ಲಿ. ಕ್ಯಾರೋಟಿನ್ ಹೀರಿಕೆ ರೆಟಿನಾಲ್ ಹೀರಿಕೆಗಿಂತ ಬೇಗ ಕೈಕೊಡುತ್ತದೆ. ಎಷ್ಟರ ಮಟ್ಟಿಗೆ ಅಂದರೆ, ಹಿಂದೆ ರಕ್ತದ ಕ್ಯಾರೋಟಿನ್ ಮಟ್ಟವನ್ನೇ ಕೊಬ್ಬಿನ ಹೀರಿಕೆ ಕೆಟ್ಟಿದೆಯೇ ಎಂದು ನೋಡುವ ಮೊದಲ ಪರೀಕ್ಷೆಯಾಗಿ ಬಳಸುತ್ತಿದ್ದರು. ಹಸಿ ಜ್ಯೂಸಿನಲ್ಲಿ ಕೊಬ್ಬೂ ಇಲ್ಲ, ಜತೆಗೆ ಕಿಣ್ವದ ಕ್ಯಾಪ್ಸೂಲೂ ಇರುವುದಿಲ್ಲ. ಅದೇ ಕ್ಯಾರೆಟನ್ನು ಎಣ್ಣೆ ಹಾಕಿ ಬೇಯಿಸಿ, ಊಟದ ಭಾಗವಾಗಿ, ಕಿಣ್ವದ ಜತೆ ತಿಂದರೆ ದೇಹಕ್ಕೆ ಸಿಗುವುದು ಹೆಚ್ಚು.

ಡೋಸ್ ಲೆಕ್ಕ. 1 ಮೈಕ್ರೋಗ್ರಾಂ ರೆಟಿನಾಲ್ ಅಂದರೆ 3.33 ಐಯು. ಗಂಡಸಿಗೆ ದಿನದ ಶಿಫಾರಸು 900 ಮೈಕ್ರೋಗ್ರಾಂ, ಹೆಂಗಸಿಗೆ 700 (ಬೇರೆ ಬೇರೆ ದೇಶಗಳ ಪಟ್ಟಿಯಲ್ಲಿ ಸ್ವಲ್ಪ ಹೆಚ್ಚುಕಡಿಮೆ). ದಿನವೂ ತೆಗೆದುಕೊಳ್ಳಬಹುದಾದ ಮೇಲ್ಮಿತಿ 3,000 ಮೈಕ್ರೋಗ್ರಾಂ, ಅಂದರೆ 10,000 ಐಯು. 50,000 ಐಯು ಅಂದರೆ 15,000 ಮೈಕ್ರೋಗ್ರಾಂ, ಮಿತಿಯ ಐದು ಪಟ್ಟು. ತಿಂಗಳುಗಟ್ಟಲೆ ನುಂಗಿದರೆ ತಲೆನೋವು, ತುಟಿ ಮತ್ತು ಚರ್ಮ ಒಣಗುವುದು, ಕೂದಲು ಉದುರುವುದು, ಮೂಳೆ ನೋವು, ಕೊನೆಗೆ ಲಿವರಿನಲ್ಲಿ ನಾರು ಬೆಳೆಯುವುದು. ಕುಡಿತದಿಂದ ಮೊದಲೇ ಪೆಟ್ಟು ತಿಂದ ಲಿವರ್ ಇದನ್ನು ಇನ್ನೂ ಕಡಿಮೆ ಡೋಸ್‌ಗೇ ತಡೆಯಲಾರದು. ಕುಡಿತ ಲಿವರಿನ ವಿಟಮಿನ್ ಎ ದಾಸ್ತಾನನ್ನು ಕರಗಿಸುತ್ತದೆ, ಅದೇ ವೇಳೆಗೆ ಹೊರಗಿನಿಂದ ಕೊಟ್ಟ ವಿಟಮಿನ್ ಎಯ ವಿಷತ್ವವನ್ನೂ ಹೆಚ್ಚಿಸುತ್ತದೆ. ಈ ಎರಡೂ ಒಟ್ಟಿಗೆ ಇರುವುದೇ ಇಂಥ ರೋಗಿಗಳಲ್ಲಿ ಡೋಸ್ ನಿರ್ಧಾರ ಕಷ್ಟವಾಗಲು ಕಾರಣ.

ಇನ್ನೊಂದು ಬಲೆ ಇದೆ. ಹೀರಿಕೆ ಕೆಟ್ಟಿದ್ದಾಗ ದೊಡ್ಡ ಡೋಸ್ ಶುರು ಮಾಡಿ, ಒಂದೆರಡು ತಿಂಗಳ ಮೇಲೆ ಕಿಣ್ವದ ಡೋಸ್ ಸರಿ ಮಾಡುತ್ತಾರೆ. ಆ ದಿನದಿಂದ ಅದೇ ಕ್ಯಾಪ್ಸೂಲ್ ಪೂರ್ತಿ ಹೀರಲು ಶುರುವಾಗುತ್ತದೆ. ಯಾರೂ ವಿಟಮಿನ್ ಡೋಸ್ ಇಳಿಸುವುದಿಲ್ಲ. ಆದ್ದರಿಂದ ಕಿಣ್ವ ಮೊದಲು, ವಿಟಮಿನ್ ಅದರ ಜತೆಗೆ ಅಥವಾ ನಂತರ, ಮೂರು ತಿಂಗಳಿಗೆ ಮರುಪರೀಕ್ಷೆ. ಕೊಬ್ಬು ಹೀರದ ಸ್ಥಿತಿಯಲ್ಲಿ ಖಚಿತವಾದ ಕೊರತೆಗೆ, ಕಣ್ಣಿನ ಕಪ್ಪುಗುಡ್ಡೆಯ ಮೇಲೆ ಹಾನಿ ಇಲ್ಲದಿದ್ದರೆ, ವೈದ್ಯರು ದಿನಕ್ಕೆ 10,000ದಿಂದ 25,000 ಐಯು ಬಾಯಿಯ ಮೂಲಕ ಒಂದೆರಡು ವಾರ ಕೊಟ್ಟು ಇಳಿಸುವುದುಂಟು. ಕಪ್ಪುಗುಡ್ಡೆಗೆ ಹಾನಿಯಾಗಿದ್ದರೆ ಅದು ತುರ್ತು, ಡೋಸ್ ಬೇರೆಯೇ, ಆಸ್ಪತ್ರೆಯಲ್ಲೇ ಆಗಬೇಕು. ಗರ್ಭಿಣಿಯರು, ಗರ್ಭ ಧರಿಸುವ ಸಾಧ್ಯತೆ ಇರುವವರು ಈ ಎಳೆ ಓದುತ್ತಿದ್ದರೆ: ದಿನಕ್ಕೆ 10,000 ಐಯು ರೆಟಿನಾಲ್ ದಾಟಬಾರದು, ಭ್ರೂಣಕ್ಕೆ ಅಂಗವಿಕಲತೆ ತರಬಹುದು.

ಕ್ಯಾಪ್ಸೂಲಿನ ರೂಪವೂ ಮುಖ್ಯ. ಎಣ್ಣೆಯಲ್ಲಿರುವುದಕ್ಕಿಂತ ನೀರಿನಲ್ಲಿ ಬೆರೆಯುವಂತೆ ಮಾಡಿದ ರೂಪ ಇಂಥವರಲ್ಲಿ ಚೆನ್ನಾಗಿ ಹೀರುತ್ತದೆ. ಅದು ಎಣ್ಣೆಯ ರೂಪಕ್ಕಿಂತ ಬೇಗ ವಿಷವೂ ಆಗಬಲ್ಲದು, ಹಾಗಾಗಿ ಎಣ್ಣೆಯ ಡೋಸನ್ನು ಇದಕ್ಕೆ ಹಾಗೇ ವರ್ಗಾಯಿಸಬೇಡಿ. ಯಾವ ರೂಪವಾದರೂ ದಿನದ ಅತಿ ಕೊಬ್ಬಿನ ಊಟದ ನಡುವೆ, ಕಿಣ್ವದ ಕ್ಯಾಪ್ಸೂಲ್ ಜತೆಗೇ. ಬೆಳಿಗ್ಗೆ ಖಾಲಿ ಹೊಟ್ಟೆಗೆ ನೀರಿನ ಜತೆ ನುಂಗಿದ್ದು ಬಹುಪಾಲು ವ್ಯರ್ಥ.

ಆಹಾರದ ಮಾತು ಬಂದದ್ದರಿಂದ: ಜಿಡ್ಡು ನಿಲ್ಲಿಸಿ ಎನ್ನುವ ಹಳೆಯ ಸಲಹೆ ಈಗ ಎಲ್ಲರಿಗೂ ಕೊಡುವುದಿಲ್ಲ. ಕೊಬ್ಬು ಕಡಿಮೆ ಮಾಡಿದಷ್ಟೂ ತೂಕ ಇಳಿಯುತ್ತದೆ, ಕೊಬ್ಬಿನಲ್ಲಿ ಕರಗುವ ವಿಟಮಿನ್‌ಗಳೂ ಇಳಿಯುತ್ತವೆ. ಕೊಬ್ಬು ಹಿತಮಿತವಾಗಿರಲಿ, ಊಟ ಸಣ್ಣದಾಗಿ ನಾಲ್ಕೈದು ಸಲ ಇರಲಿ, ಕಿಣ್ವವನ್ನು ಊಟಕ್ಕೆ ತಕ್ಕಂತೆ ಏರಿಸಿ. ನಾರು ಅತಿಯಾದರೆ ಕಿಣ್ವದ ಕೆಲಸ ಕುಗ್ಗುತ್ತದೆ, ಆದ್ದರಿಂದ ಹೊಟ್ಟು, ಇಸಬಗೋಲು ತುಂಬಿಸಬೇಡಿ. ಲಿವರ್ ತಿನ್ನುವವರು ಲೆಕ್ಕ ಇಟ್ಟುಕೊಳ್ಳಿ. ಬೇಯಿಸಿದ 85 ಗ್ರಾಂ ದನದ ಲಿವರಿನಲ್ಲಿ 6,500 ಮೈಕ್ರೋಗ್ರಾಂಗೂ ಹೆಚ್ಚು ವಿಟಮಿನ್ ಎ ಇದೆ, ಒಂದು ಮೊಟ್ಟೆಯಲ್ಲಿ ಸುಮಾರು 75. ಕಾಡ್ ಲಿವರ್ ಎಣ್ಣೆ 'ಒಮೆಗಾ-3ಗೆ' ಅಂತ ಕುಡಿಯುತ್ತಿದ್ದರೆ ಅದರ ವಿಟಮಿನ್ ಎಯನ್ನೂ ಕೂಡಿಸಿ.


ಕೋಶಲೋಕ ಬರೆದಿದ್ದು:

ಮೂರನೆಯ ಪ್ರಶ್ನೆ ಉಳಿದಿದೆ: ಗ್ರಂಥಿಗೇ ಲಾಭವಿದೆಯೇ? ನಿಮ್ಮನ್ನು ಗೊಂದಲಕ್ಕೆ ಕೆಡವಿದ ಎರಡು ಮಾತಿಗೂ ಹಿಂದೆ ನಿಜವಾದ ವಿಜ್ಞಾನವಿದೆ. ಎರಡನ್ನೂ ಮಾತ್ರೆಯ ಡಬ್ಬಿಗೆ ಅಂಟಿಸುವಾಗ ತಪ್ಪಾಗುತ್ತದೆ.

ಲಿವರಿನಲ್ಲಿ ವಿಟಮಿನ್ ಎಯನ್ನು ಹನಿಹನಿಯಾಗಿ ತುಂಬಿಟ್ಟುಕೊಳ್ಳುವ ನಕ್ಷತ್ರಾಕಾರದ ಕೋಶಗಳಿವೆ. ಅಂಥವೇ ಕೋಶಗಳು ಮೇದೋಜೀರಕ ಗ್ರಂಥಿಯಲ್ಲೂ ಇವೆ. 1982ರಲ್ಲಿ ಇಲಿಗಳ ಗ್ರಂಥಿಯಲ್ಲಿ ಗುರುತಾಗಿದ್ದವು, 1998ರಲ್ಲಿ ಬೇರ್ಪಡಿಸಿ ಲ್ಯಾಬಿನಲ್ಲಿ ಬೆಳೆಸಲು ಸಾಧ್ಯವಾಯಿತು. ಆರೋಗ್ಯವಂತ ಗ್ರಂಥಿಯಲ್ಲಿ ಇವು ಕೆಲವೇ ಶೇಕಡಾ, ರಸ ಸುರಿಸುವ ಕೋಶಗುಚ್ಛಗಳ ಸುತ್ತ ಉದ್ದುದ್ದ ಕೈ ಚಾಚಿ ಸುಮ್ಮನಿರುತ್ತವೆ. ಅತಿನೇರಳೆ ಬೆಳಕು ಬಿಟ್ಟರೆ ಒಳಗಿನ ವಿಟಮಿನ್ ಎ ಹನಿಗಳು ನೀಲಿ-ಹಸಿರಾಗಿ ಹೊಳೆದು ಬೇಗ ಮಾಸುತ್ತವೆ. ಈ ಹೊಳಪೇ ಅವುಗಳ ಗುರುತು. ಮದ್ಯ, ಸಿಗರೇಟಿನ ಹೊಗೆಯ ವಸ್ತುಗಳು, ಉರಿಯೂತದ ಸಂಕೇತಗಳು ತಾಗಿದಾಗ ಕೋಶ ಕೆರಳುತ್ತದೆ, ಹನಿಗಳು ಮಾಯವಾಗುತ್ತವೆ, ಸ್ನಾಯುಕೋಶದ ಗುಣ ತಳೆದು ಕೊಲಾಜೆನ್ (ನಾರಿನಂಥ ಪ್ರೋಟೀನ್) ನೇಯಲು ಶುರು ಮಾಡುತ್ತದೆ. ದೀರ್ಘಕಾಲದ ಪ್ಯಾಂಕ್ರಿಯಾಟೈಟಿಸ್‌ನಲ್ಲಿ ಗ್ರಂಥಿ ಗಟ್ಟಿಯಾಗಿ ನಾರಾಗುವುದು ಹೀಗೆ. ಮೇದೋಜೀರಕದ ಕ್ಯಾನ್ಸರ್ ಗಡ್ಡೆಯ ಸುತ್ತ ದಟ್ಟ ನಾರು ಕಟ್ಟುವುದೂ ಇವುಗಳಿಂದಲೇ.

ಲ್ಯಾಬ್ ತಟ್ಟೆಯಲ್ಲಿ ರೆಟಿನಾಲ್ ಅಥವಾ ರೆಟಿನೋಯಿಕ್ ಆಮ್ಲ (ರೆಟಿನಾಲಿನಿಂದ ಕೋಶಗಳು ಮಾಡಿಕೊಳ್ಳುವ ರೂಪ) ಕೊಟ್ಟರೆ ಕೆರಳಿದ ಕೋಶ ಮತ್ತೆ ಶಾಂತವಾಗುತ್ತದೆ, ಕೊಲಾಜೆನ್ ತಗ್ಗುತ್ತದೆ. 'ಗಾಯ ಮಾಗಿಸುತ್ತದೆ' ಎಂಬ ಮಾತಿನ ಮೂಲ ಇದು. ಇದನ್ನೇ ಹಿಡಿದು ಕ್ಯಾನ್ಸರ್ ರೋಗಿಗಳಲ್ಲಿ ಕೀಮೋ ಜತೆ ಆಲ್-ಟ್ರಾನ್ಸ್ ರೆಟಿನೋಯಿಕ್ ಆಮ್ಲ ಕೊಟ್ಟು ಮೊದಲ ಹಂತದ ಪ್ರಯೋಗ ನಡೆಸಿ 2020ರಲ್ಲಿ ಪ್ರಕಟಿಸಿದರು. ಮೊದಲ ಹಂತ ಅಂದರೆ ಡೋಸ್ ಮತ್ತು ಸುರಕ್ಷತೆಯ ಪರೀಕ್ಷೆ, ಗುಣವಾಯಿತೆಂಬ ಪುರಾವೆಯಲ್ಲ. ಅದು ವೈದ್ಯರ ಕಣ್ಗಾವಲಿನಲ್ಲಿ ಕೊಡುವ ಔಷಧಿ, ವಿಟಮಿನ್ ಎ ಕ್ಯಾಪ್ಸೂಲ್ ಅಲ್ಲ. ಕ್ಯಾಪ್ಸೂಲಿನ ರೆಟಿನಾಲ್ ಮೊದಲು ಲಿವರಿಗೆ ಹೋಗಿ ದಾಸ್ತಾನಾಗುತ್ತದೆ. ಅದರಿಂದ ಎಷ್ಟು ರೆಟಿನೋಯಿಕ್ ಆಮ್ಲ ಆಗಬೇಕು ಅನ್ನುವುದನ್ನು ಆಯಾ ಅಂಗದ ಕೋಶಗಳೇ ಬಿಗಿಯಾಗಿ ನಿಯಂತ್ರಿಸುತ್ತವೆ. ಹೆಚ್ಚು ನುಂಗಿದರೆ ಗ್ರಂಥಿಗೆ ಹೆಚ್ಚು ಸಿಗುತ್ತದೆ ಎಂಬ ಲೆಕ್ಕ ನಡೆಯುವುದಿಲ್ಲ.

ಇನ್ಸುಲಿನ್ ಕಡೆಯದ್ದೂ ಸೇರಿಸುತ್ತೇನೆ. ಭ್ರೂಣದಲ್ಲಿ ಮೇದೋಜೀರಕದ ಹಿಂಭಾಗದ ಮೊಳಕೆ ಮೂಡಲು ರೆಟಿನೋಯಿಕ್ ಆಮ್ಲ ಬೇಕೇ ಬೇಕು. ಅದನ್ನು ತಯಾರಿಸುವ ಕಿಣ್ವವಿಲ್ಲದ ಇಲಿಗಳಲ್ಲಿ ಆ ಭಾಗ ಬೆಳೆಯುವುದಿಲ್ಲ. ವಯಸ್ಕ ಇಲಿಗಳಿಗೆ ವಿಟಮಿನ್ ಎ ಪೂರ್ತಿ ತಪ್ಪಿಸಿದಾಗ ಬೀಟಾ ಕೋಶಗಳು (ಇನ್ಸುಲಿನ್ ತಯಾರಿಸುವವು) ಕಡಿಮೆಯಾಗಿ ಸಕ್ಕರೆ ಏರಿತು, ಮರಳಿ ಕೊಟ್ಟಾಗ ಚೇತರಿಸಿತು, ಇದು 2015ರ ವರದಿ. ಇವೆಲ್ಲ ಹೇಳುವುದು ಕೊರತೆ ಇರಬಾರದು ಎಂದು. ಕೊರತೆ ಇಲ್ಲದ ಮನುಷ್ಯನಿಗೆ ಹೆಚ್ಚುವರಿ ಕೊಟ್ಟರೆ ಬೀಟಾ ಕೋಶ ಬೆಳೆಯುತ್ತದೆ ಎಂದು ಇವು ತೋರಿಸಿಲ್ಲ. ದೀರ್ಘಕಾಲದ ಪ್ಯಾಂಕ್ರಿಯಾಟೈಟಿಸ್‌ನಿಂದ ಬರುವ ಮಧುಮೇಹಕ್ಕೆ ವಿಟಮಿನ್ ಎ ಔಷಧಿಯಲ್ಲ.

ಇನ್ನು 'ವಿಟಮಿನ್ ಎಯಿಂದಲೇ ಪ್ಯಾಂಕ್ರಿಯಾಟೈಟಿಸ್' ಎಂಬ ಮಾತು. ಇದು ಹೆಚ್ಚಾಗಿ ಮೊಡವೆಗೆ ಕೊಡುವ ಐಸೊಟ್ರೆಟಿನೋಯಿನ್, ಒಂದು ಬಗೆಯ ಚರ್ಮದ ಲಿಂಫೋಮಾಗೆ ಕೊಡುವ ಬೆಕ್ಸಾರೋಟಿನ್ ಥರದ ಔಷಧಿಗಳಿಂದ ಬಂದದ್ದು. ಇವು ಟ್ರೈಗ್ಲಿಸರೈಡ್ ಏರಿಸುತ್ತವೆ. ಟ್ರೈಗ್ಲಿಸರೈಡ್ ಡೆಸಿಲೀಟರಿಗೆ 500 ಮಿಲಿಗ್ರಾಂ ದಾಟಿದರೆ ಎಚ್ಚರಿಕೆ, 1,000 ದಾಟಿದರೆ ತೀವ್ರ ಪ್ಯಾಂಕ್ರಿಯಾಟೈಟಿಸ್ ಅಪಾಯ ಸ್ಪಷ್ಟ. ಹಾಗೆಂದು ಎಲ್ಲರಿಗೂ ಆಗುವುದಿಲ್ಲ, ಐಸೊಟ್ರೆಟಿನೋಯಿನ್‌ನಿಂದ ಇದು ಅಪರೂಪ. ಆದರೆ ಗ್ರಂಥಿಯ ಕಾಯಿಲೆ ಮೊದಲೇ ಇದ್ದವರು ಚರ್ಮದ ವೈದ್ಯರಿಗೆ ಅದನ್ನು ಹೇಳದೆ ಇಂಥ ಮಾತ್ರೆ ಶುರು ಮಾಡಬಾರದು. ಟ್ರೈಗ್ಲಿಸರೈಡ್ ಮೊದಲೇ ಹೆಚ್ಚಿದ್ದವರಿಗೆ ದೊಡ್ಡ ಡೋಸ್ ವಿಟಮಿನ್ ಎ ಕೂಡ ಒಳ್ಳೆಯದಲ್ಲ.

ನೋವಿಗೆ ಆಂಟಿಆಕ್ಸಿಡೆಂಟ್ ಮಿಶ್ರಣದ ವಿಷಯ ಯಾರಾದರೂ ಎತ್ತುತ್ತಾರೆ, ಅದನ್ನೂ ಹೇಳಿಬಿಡುತ್ತೇನೆ. ದೆಹಲಿಯಲ್ಲಿ 127 ರೋಗಿಗಳ ಮೇಲೆ ಸೆಲೆನಿಯಂ, ವಿಟಮಿನ್ ಸಿ, ವಿಟಮಿನ್ ಇ, ಮೆಥಿಯೋನಿನ್ ಜತೆ 9,000 ಐಯು ಬೀಟಾ ಕ್ಯಾರೋಟಿನ್ ಕೊಟ್ಟು ನಡೆಸಿದ ಪ್ರಯೋಗದಲ್ಲಿ ನೋವು ತಗ್ಗಿತು (2009). ಮ್ಯಾಂಚೆಸ್ಟರಿನ ಪ್ರಯೋಗದಲ್ಲಿ ತಗ್ಗಲಿಲ್ಲ (2012). ದೆಹಲಿಯ ರೋಗಿಗಳು ಚಿಕ್ಕ ವಯಸ್ಸಿನವರು, ಹೆಚ್ಚಿನವರಲ್ಲಿ ಕಾಯಿಲೆಗೆ ಮದ್ಯ ಕಾರಣವಲ್ಲ. ಮ್ಯಾಂಚೆಸ್ಟರಿನವರಲ್ಲಿ ಬಹುಪಾಲು ಮದ್ಯದಿಂದ ಬಂದದ್ದು. ನೀವು ಹೇಳಿದ ರೋಗಿ ಎರಡನೆಯ ಗುಂಪಿಗೆ ಹತ್ತಿರ, ಮೇಲಾಗಿ ಧೂಮಪಾನಿ. ನಾನಾದರೆ ಸೂಚಿಸುವುದಿಲ್ಲ.


ಮುಸ್ಸಂಜೆ ಬರೆದಿದ್ದು:

ಎಲ್ಲರಿಗೂ ತುಂಬಾ ಧನ್ಯವಾದ. ಹಳೆಯ ರಿಪೋರ್ಟ್ ತೆಗೆದು ನೋಡಿದೆ. ರೆಟಿನಾಲ್ ತೆಗೆದದ್ದು ಹೊಟ್ಟೆನೋವಿಗೆ ದಾಖಲಾಗಿದ್ದಾಗ, ಅದೇ ದಿನದ ಸಿಆರ್‌ಪಿ 42. ಸತು ಮಾಡಿಸಿಲ್ಲ. ಹಾಗಾದರೆ ಕೊರತೆ ಇದೆಯೋ ಇಲ್ಲವೋ? ಮತ್ತೆ ಪರೀಕ್ಷೆ ಆಗುವ ತನಕ ಕಾಯಬೇಕೇ?


ಜೀರ್ಣರಸ ಬರೆದಿದ್ದು:

ಸಿಆರ್‌ಪಿ 42 ಇದ್ದಾಗಿನ 17ನ್ನು ಅಳತೆಯಾಗಿ ನಂಬಬೇಡಿ. ಆದರೆ ಎಲಾಸ್ಟೇಸ್ 78, ಜಿಡ್ಡಿನ ಮಲ, ಮಬ್ಬಿನಲ್ಲಿ ಕಾಣದಿರುವುದು, ಈ ಮೂರೂ ಒಂದೇ ಕಡೆ ಬೆರಳು ತೋರಿಸುತ್ತಿವೆ. ಕಾಯುವ ಅಗತ್ಯ ಇರುವುದು ದೊಡ್ಡ ಡೋಸ್ ವಿಟಮಿನ್ ಎಗೆ ಮಾತ್ರ, ಉಳಿದದ್ದಕ್ಕಲ್ಲ.

ಕಿಣ್ವದ ಡೋಸ್ ಮತ್ತು ಹೊತ್ತನ್ನು ಈ ವಾರವೇ ವೈದ್ಯರಿಂದ ಸರಿ ಮಾಡಿಸಿ. ಕಣ್ಣಿನ ವೈದ್ಯರನ್ನೂ ಈ ವಾರವೇ ಕಾಣಿ, ಮೇದೋಜೀರಕದ ಕಾಯಿಲೆ ಇದೆ, ಕೊಬ್ಬು ಹೀರುತ್ತಿಲ್ಲ ಎಂದು ಮೊದಲೇ ಹೇಳಿ. ಅವರು ಬಿಳಿಗುಡ್ಡೆ ಒಣಗಿದೆಯೇ, ಅದರ ಮೇಲೆ ನೊರೆಯಂಥ ಬಿಳಿ ಮಚ್ಚೆ ಇದೆಯೇ, ಕಪ್ಪುಗುಡ್ಡೆ ಮಂಕಾಗಿದೆಯೇ ನೋಡುತ್ತಾರೆ. ಪೊರೆ ಮತ್ತು ಮಧುಮೇಹದಿಂದ ಆಗುವ ಕಣ್ಣಿನ ಪರದೆಯ ತೊಂದರೆಯನ್ನೂ ತಳ್ಳಿಹಾಕಬೇಕು, ಎರಡೂ ಮಬ್ಬಿನಲ್ಲಿ ಹೀಗೇ ಕಾಡುತ್ತವೆ. ಮಚ್ಚೆ, ಒಣಗುವಿಕೆ ಕಂಡರೆ ರಕ್ತದ ಸಂಖ್ಯೆಗೆ ಕಾಯದೆ ಅವರೇ ಚಿಕಿತ್ಸೆ ಶುರು ಮಾಡುತ್ತಾರೆ. ವಿಟಮಿನ್ ಎ ಕೊರತೆಯ ಇರುಳುಗುರುಡು ಸರಿಯಾದ ಡೋಸ್ ದೇಹಕ್ಕೆ ಸೇರಿದರೆ ದಿನಗಳಲ್ಲೇ ಸುಧಾರಿಸಲು ಶುರುವಾಗುತ್ತದೆ. ಎರಡು ಮೂರು ವಾರ ಕಳೆದರೂ ಒಂದಿಷ್ಟೂ ವ್ಯತ್ಯಾಸ ಕಾಣದಿದ್ದರೆ ಡೋಸ್ ಏರಿಸುತ್ತಾ ಹೋಗಬೇಡಿ. ಸತು ನೋಡಿಸಿ, ಕಣ್ಣಿನ ಪರದೆಯನ್ನು ಇನ್ನೊಮ್ಮೆ ನೋಡಿಸಿ.

ಕಣ್ಣಿನಲ್ಲಿ ಏನೂ ಕಾಣದಿದ್ದರೆ, ಲಿವರ್ ಪರೀಕ್ಷೆ ಸರಿಯಿದ್ದರೆ, ಒಟ್ಟು ವಿಟಮಿನ್ ಎ 10,000 ಐಯು ಒಳಗಿರುವ ಸಾಧಾರಣ ಡೋಸ್ ಊಟ ಮತ್ತು ಕಿಣ್ವದ ಜತೆ ವೈದ್ಯರ ಸಲಹೆ ಮೇರೆಗೆ ನಡೆಯಲಿ. ಬೀಟಾ ಕ್ಯಾರೋಟಿನ್ ಸೇರಿಸಿದ ಡಬ್ಬಿ ಬೇಡ. ನೋವು ಪೂರ್ತಿ ಇಳಿದು ಒಂದು ತಿಂಗಳಾದ ಮೇಲೆ ರೆಟಿನಾಲ್, ಸತು, ಸಿಆರ್‌ಪಿ ಒಂದೇ ಮಾದರಿಯಲ್ಲಿ, ಬೆಳಕು ತಾಗದಂತೆ. ಸಿಆರ್‌ಪಿ 5ರ ಆಸುಪಾಸಿಗೆ ಇಳಿದಿದ್ದರೆ ಆಗಿನ ರೆಟಿನಾಲ್ ಸಂಖ್ಯೆಯ ಮೇಲೆ ಮುಂದಿನ ಡೋಸ್. ಅದಾದ ಮೂರು ತಿಂಗಳಿಗೆ ಇನ್ನೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಡಿ, ಇ, ಐಎನ್‌ಆರ್ ಜತೆ. ಲಿವರ್ ಕಿಣ್ವಗಳು ಏರಿದ್ದರೆ, ಅಥವಾ ಕುಡಿತ ಮತ್ತೆ ಶುರುವಾದರೆ, ಕ್ಯಾಪ್ಸೂಲ್ ನಿಲ್ಲಿಸಿ ವೈದ್ಯರನ್ನು ಕೇಳಿದ ಮೇಲೇ ಮುಂದಿನ ಮಾತು. ಇಷ್ಟರ ನಡುವೆ ಮಲ ಹೇಗಿದೆ, ತೂಕ ಎಷ್ಟಿದೆ ಎಂದು ವಾರಕ್ಕೊಮ್ಮೆ ಬರೆದಿಡಿ. ತೇಲುವುದು ನಿಂತು ತೂಕ ಏರಲು ಶುರುವಾದರೆ ಕಿಣ್ವ ಕೆಲಸ ಮಾಡುತ್ತಿದೆ ಎಂದು ಯಾವ ರಕ್ತಪರೀಕ್ಷೆಗಿಂತಲೂ ಮೊದಲು ನಿಮಗೆ ಗೊತ್ತಾಗುತ್ತದೆ. ಹಾಗೆ ಆಗದಿದ್ದರೆ ಆ ಟಿಪ್ಪಣಿ ಹಿಡಿದು ವೈದ್ಯರ ಬಳಿ ಹೋಗಿ, ಆಮ್ಲದ ಮಾತ್ರೆ ಸೇರಿಸುವ ಮಾತು ಎತ್ತಿ.